ಕಮಿಷನ್ ಕೇಳದ ದಲ್ಲಾಳಿ: ತೋಟದ ಮೋಟರಿಗೆ ಕ್ಲೌಡ್ ಸರ್ವರಿನಲ್ಲಿ ಎಂಕ್ಯೂಟಿಟಿ ಬ್ರೋಕರ್ ಹಾಕೋದು ಹೇಗೆ?

ಹೋದ ತಿಂಗಳು ತೇವಾಂಶ ಸೆನ್ಸರ್ ಬಗ್ಗೆ ಬರೆದ ಮೇಲೆ ತುಂಬಾ ಜನ ಒಂದೇ ಪ್ರಶ್ನೆ ಕೇಳಿದ್ರಿ: "ಸಾರ್, ಸೆನ್ಸರ್ ಏನೋ ಹಾಕಿದ್ವಿ. ಅದರ ಲೆಕ್ಕ ಊರಲ್ಲಿಲ್ಲದಾಗ ಮೊಬೈಲಿಗೆ ಬರೋದು ಹೇಗೆ? ಅಲ್ಲಿಂದಲೇ ಮೋಟರ್ ಹಾಕೋಕಾಗತ್ತಾ?" ಆಗತ್ತೆ. ಅದಕ್ಕೆ ಮಧ್ಯದಲ್ಲಿ ಒಬ್ಬ ದಲ್ಲಾಳಿ ಬೇಕು. ಹೆದರಬೇಡಿ, ಇವನು ಕಮಿಷನ್ ಕೇಳಲ್ಲ, ತೂಕದಲ್ಲಿ ಹೊಡೆಯಲ್ಲ. ಇವನ ಹೆಸರು ಮೆಸೇಜ್ ಬ್ರೋಕರ್. ಇವನನ್ನು ಕ್ಲೌಡ್ ಸರ್ವರಿನಲ್ಲಿ ಕೂರಿಸೋದು ಹೇಗೆ ಅಂತ ಈ ವಾರ ನೋಡೋಣ. ಜೊತೆಗೆ ನಾನು ಮಾಡಿದ ಒಂದು ತಪ್ಪಿನಿಂದ ₹22,000 ಕೈಬಿಟ್ಟಿದ್ದನ್ನೂ ಹೇಳ್ತೀನಿ. ಅದನ್ನು ಓದದೆ ದಯವಿಟ್ಟು ಮೋಟರಿಗೆ ವೈರ್ ಕೊಡಬೇಡಿ.

ನನಗೆ ಇದು ಯಾಕೆ ಬೇಕಾಯ್ತು

ನಮ್ಮ ತೋಟ ಇರೋದು ಕನಕಪುರ ರಸ್ತೆಯಲ್ಲಿ, ಕಗ್ಗಲೀಪುರದಿಂದ ಒಳಗೆ. ಎರಡು ಎಕರೆ, ಸೊಪ್ಪು, ಬೀನ್ಸ್, ಟೊಮೆಟೊ. ಜಿಕೆವಿಕೆಯಲ್ಲಿ ತೋಟಗಾರಿಕೆ ಓದಿ, ಒಂದಷ್ಟು ವರ್ಷ ಕೆಲಸ ಮಾಡಿ, ಆಮೇಲೆ ಸಾವಯವಕ್ಕೆ ಇಳಿದವನು ನಾನು. ವಾರದಲ್ಲಿ ಮೂರು ದಿನ ಜೆ.ಪಿ. ನಗರದ ಮನೆಯಲ್ಲಿರ್ತೀನಿ. ಬನಶಂಕರಿ, ಬಿಟಿಎಂ ಲೇಔಟ್ ಕಡೆಯ ಗ್ರಾಹಕರಿಗೆ ತರಕಾರಿ ತಲುಪಿಸೋ ಕೆಲಸ ಇರತ್ತೆ. ಆ ದಿನಗಳಲ್ಲಿ ತೋಟದಲ್ಲಿರೋದು ಅಪ್ಪ, ಅಮ್ಮ ಇಬ್ಬರೇ.

ಮೂರು ಫೇಸ್ ಕರೆಂಟ್ ಯಾವಾಗ ಬರತ್ತೆ ಅಂತ ನಿಮಗೆ ಹೇಳಿಕೊಡಬೇಕಾಗಿಲ್ಲ. ರಾತ್ರಿ ಎರಡೂವರೆಗೆ ಬಂದರೆ ಎರಡೂವರೆಗೇ ಏಳಬೇಕು. ಅಪ್ಪನಿಗೆ ಮಂಡಿ ನೋವು. ಒಂದು ರಾತ್ರಿ ಬದುವಿನ ಮೇಲೆ ಟಾರ್ಚ್ ಬಿಟ್ಟರೆ ಎರಡು ಹೆಜ್ಜೆ ಮುಂದೆ ಕೊಳಕುಮಂಡಲ ಸುತ್ತಿಕೊಂಡು ಮಲಗಿತ್ತಂತೆ. ಬೆಳಗ್ಗೆ ಅಮ್ಮ ಫೋನಿನಲ್ಲಿ ಹೇಳಿದಾಗ ನನಗೆ ಆ ದಿನ ತರಕಾರಿ ಕೊಡೋಕೂ ಮನಸ್ಸಾಗಲಿಲ್ಲ. "ಇನ್ನು ಮೇಲೆ ಅಪ್ಪ ರಾತ್ರಿ ಪಂಪ್ ಮನೆಗೆ ಹೋಗಬಾರದು" ಅಂತ ಅವತ್ತು ತೀರ್ಮಾನ ಮಾಡಿದೆ.

ಮೊದಲು: ಇದು ಎಲ್ಲರಿಗೂ ಬೇಕಾ?

ಬೇಡ. ನಿಮ್ಮದು ಒಂದೇ ಮೋಟರ್, ಆನ್ ಆಫ್ ಮಾತ್ರ ಸಾಕು ಅಂದ್ರೆ ಸಿಮ್ ಹಾಕೋ ಮೊಬೈಲ್ ಸ್ಟಾರ್ಟರ್ ಸಾಕು. ಆದರೆ ಮೂರ್ನಾಲ್ಕು ಸೆನ್ಸರ್, ಎರಡು ವಾಲ್ವ್, ಟ್ಯಾಂಕಿನ ಮಟ್ಟ, ಮೋಟರ್ ಎಲ್ಲವೂ ಒಂದೇ ಕಡೆ ಕಾಣಬೇಕು, ಮನೆಯಲ್ಲಿ ಮೂರು ಜನರ ಫೋನಿಗೂ ಬರಬೇಕು ಅಂದ್ರೆ ಬ್ರೋಕರ್ ಹಾಕಿ. ಒಂದು ಬ್ರೋಕರ್ ಹತ್ತು ತೋಟಕ್ಕೂ ಸಾಕು. ನಾವು ನಾಲ್ಕು ಜನ ರೈತರು ಒಂದೇ ಸರ್ವರ್ ಹಂಚಿಕೊಂಡಿದ್ದೀವಿ.

ಬ್ರೋಕರ್ ಏನು ಮಾಡ್ತಾನೆ?

ಮೊದಲೆಲ್ಲ ನಾನು ತರಕಾರಿ ತಂದು ಒಬ್ಬೊಬ್ಬ ಗ್ರಾಹಕರಿಗೂ ಫೋನ್ ಮಾಡ್ತಿದ್ದೆ. ಅರ್ಧ ಜನ ಎತ್ತಲ್ಲ, ಇನ್ನರ್ಧ ಜನ ಮನೇಲಿರಲ್ಲ. ಆಮೇಲೆ ಜಯನಗರದ ಒಂದು ಪರಿಚಯದ ಅಂಗಡಿಯಲ್ಲಿ ಕ್ರೇಟ್ ಇಡೋಕೆ ಶುರು ಮಾಡಿದೆ. ಕ್ರೇಟಿನ ಮೇಲೆ "ಸೊಪ್ಪು", "ಟೊಮೆಟೊ" ಅಂತ ಚೀಟಿ. ಯಾರಿಗೆ ಏನು ಬೇಕು ಅಂತ ಅವರು ಅಂಗಡಿಯವರ ಹತ್ತಿರ ಮೊದಲೇ ಹೆಸರು ಬರೆಸಿರ್ತಾರೆ. ನಾನು ಇಟ್ಟು ಹೋಗ್ತೀನಿ, ಅಂಗಡಿಯವರು ಹೆಸರು ಬರೆಸಿದವರಿಗೆ ತಲುಪಿಸ್ತಾರೆ. ನಾನೂ ಗ್ರಾಹಕರೂ ಮುಖಾಮುಖಿ ಆಗಬೇಕಾಗಿಲ್ಲ.

ಬ್ರೋಕರ್ ಅಂದ್ರೆ ಆ ಅಂಗಡಿ. ಕ್ರೇಟ್ ಇಡೋದು "ಪಬ್ಲಿಷ್". ಹೆಸರು ಬರೆಸೋದು "ಸಬ್‌ಸ್ಕ್ರೈಬ್". ಮೇಲಿನ ಚೀಟಿ "ಟಾಪಿಕ್". ತೋಟದ ಸೆನ್ಸರ್ "ತೋಟ/ಬೀನ್ಸ್/ತೇವಾಂಶ" ಅನ್ನೋ ಟಾಪಿಕ್ಕಿಗೆ 34 ಅಂತ ಕಳಿಸತ್ತೆ. ಆ ಟಾಪಿಕ್ಕಿಗೆ ಹೆಸರು ಬರೆಸಿರೋ ನನ್ನ ಫೋನಿಗೆ, ಅಪ್ಪನ ಫೋನಿಗೆ 34 ಬರತ್ತೆ.

ಈ ಮಾತುಕತೆಯ ಭಾಷೆಯ ಹೆಸರು ಎಂಕ್ಯೂಟಿಟಿ. 1999ರಲ್ಲಿ ಐಬಿಎಂನ ಆಂಡಿ ಸ್ಟ್ಯಾನ್‌ಫರ್ಡ್ ಕ್ಲಾರ್ಕ್ ಮತ್ತು ಆರ್ಲೆನ್ ನಿಪ್ಪರ್ ಇದನ್ನು ಮಾಡಿದ್ದು ತೈಲದ ಪೈಪ್‌ಲೈನ್ ಮೇಲೆ ಕಣ್ಣಿಡೋಕೆ. ಮರುಭೂಮಿಯ ಮಧ್ಯದಿಂದ ಸ್ಯಾಟಲೈಟ್ ಮೂಲಕ ಮಾಹಿತಿ ಬರಬೇಕು, ಲಿಂಕ್ ದುಬಾರಿ, ಆಗಾಗ ಕಡಿದುಹೋಗತ್ತೆ. ಅಂಥ ಕಡೆಗೇ ಮಾಡಿದ ಭಾಷೆ ಆದ್ದರಿಂದ ನಮ್ಮ ಒಂದು ಕಡ್ಡಿ ಸಿಗ್ನಲ್ಲಿಗೂ ಸರಿಹೋಗತ್ತೆ. ಹದಿನೈದು ನಿಮಿಷಕ್ಕೊಂದು ಮೆಸೇಜ್ ಅಂದ್ರೆ ದಿನಕ್ಕೆ 96 ಮೆಸೇಜ್. ಒಂದು ಸೆನ್ಸರಿಗೆ ತಿಂಗಳಿಗೆ ಹತ್ತಿಪ್ಪತ್ತು ಎಂಬಿ ಡೇಟಾ ಹೋದರೆ ಹೆಚ್ಚು.

"ಸರ್ವರ್ ಯಾಕೆ, ನೇರ ತೋಟದ ಪೆಟ್ಟಿಗೆಗೇ ಫೋನಿನಿಂದ ಹೋಗೋಕಾಗಲ್ವಾ?" ಅಂತೀರಾ. ಬಹುತೇಕ ಮೊಬೈಲ್ ಸಿಮ್‌ಗಳಿಗೆ ಹೊರಗಿನಿಂದ ಹುಡುಕಿಕೊಂಡು ಹೋಗಬಹುದಾದ ಸ್ವಂತ ವಿಳಾಸ ಇರಲ್ಲ. ಸಾವಿರಾರು ಸಿಮ್‌ಗಳು ಒಂದೇ ವಿಳಾಸದ ಹಿಂದೆ ಇರ್ತಾವೆ. ಒಳಗಿನಿಂದ ಹೊರಗೆ ಕರೆ ಮಾಡಬಹುದು, ಹೊರಗಿನಿಂದ ಒಳಗೆ ಆಗಲ್ಲ. ಅದಕ್ಕೇ ತೋಟದ ಪೆಟ್ಟಿಗೆ, ನಿಮ್ಮ ಫೋನ್ ಎರಡೂ ಸ್ಥಿರ ವಿಳಾಸ ಇರೋ ಮೂರನೇ ಜಾಗಕ್ಕೆ ಬಂದು ಸೇರಬೇಕು.

ಏನೇನು ಬೇಕು

ಕ್ಲೌಡ್ ಸರ್ವರ್: ಅತಿ ಚಿಕ್ಕದು ಸಾಕು, 512 ಎಂಬಿ ರ‍್ಯಾಮ್. ಡಿಜಿಟಲ್ ಓಶನ್‌ಗೆ ಬೆಂಗಳೂರಿನಲ್ಲೇ ಡೇಟಾ ಸೆಂಟರ್ ಇದೆ, ಅಮೆಜಾನಿನ ಲೈಟ್‌ಸೈಲ್‌ಗೆ ಮುಂಬೈನಲ್ಲಿದೆ. ತೆರಿಗೆ ಸೇರಿ ತಿಂಗಳಿಗೆ ಸುಮಾರು ₹400ರಿಂದ ₹650. ಊರು ಆರಿಸುವಾಗ ಹತ್ತಿರದ್ದನ್ನೇ ಆರಿಸಿ. ಆಪರೇಟಿಂಗ್ ಸಿಸ್ಟಮ್ ಕೇಳಿದಾಗ ಉಬುಂಟು 24.04 ಎಲ್‌ಟಿಎಸ್ ಅನ್ನಿ.

ಒಂದು ಡೊಮೇನ್ ಹೆಸರು: ಕೊಂಡುಕೊಳ್ಳಬಹುದು, ಇಲ್ಲಾ ಡಕ್‌ಡಿಎನ್‌ಎಸ್‌ನಲ್ಲಿ ಉಚಿತವಾಗಿ ತಗೊಳ್ಳಬಹುದು. ಅದನ್ನು ಸರ್ವರಿನ ಐಪಿ ವಿಳಾಸಕ್ಕೆ ಜೋಡಿಸಿ.

ಫೋನಿನಲ್ಲಿ ಟರ್ಮಕ್ಸ್ ಆ್ಯಪ್: ಲ್ಯಾಪ್‌ಟಾಪ್ ಇಲ್ಲದೆ ಸರ್ವರಿಗೆ ಲಾಗಿನ್ ಆಗೋಕೆ. ಇದೂ ಕಷ್ಟ ಅನ್ನಿಸಿದರೆ ಸರ್ವರ್ ಕಂಪನಿಯ ಸೈಟಿನಲ್ಲೇ "ಕನ್ಸೋಲ್" ಅಂತ ಬಟನ್ ಇರತ್ತೆ.

ತೋಟದ ಕಡೆ: ಇಎಸ್‌ಪಿ32 ಬೋರ್ಡ್, ರಿಲೇ, ಸಿಮ್ ಹಾಕೋ ವೈಫೈ ರೂಟರ್. ಎಸ್.ಪಿ. ರಸ್ತೆಯಲ್ಲಿ ಎಲ್ಲ ಸಿಗತ್ತೆ. ಇಎಸ್‌ಪಿ32ಕ್ಕೆ 2.4 ಗಿಗಾಹರ್ಟ್ಸ್ ವೈಫೈ ಮಾತ್ರ ಕಾಣೋದು, ರೂಟರಿನಲ್ಲಿ ಅದು ಆನ್ ಇರಲಿ.

ಬ್ರೋಕರ್ ಹಾಕುವ ಹಂತಗಳು

ಕಮಾಂಡ್‌ಗಳನ್ನು ಓದೋ ಹಾಗೆ ಕನ್ನಡದಲ್ಲಿ ಕೊಟ್ಟಿದ್ದೀನಿ. ಟೈಪ್ ಮಾಡುವಾಗ ಇಂಗ್ಲಿಷ್ ಸಣ್ಣಕ್ಷರ ಬಳಸಿ. ನಾವು ಹಾಕೋ ಬ್ರೋಕರಿನ ಹೆಸರು ಮಸ್ಕಿಟೋ. ಸೊಳ್ಳೆಯ ಇಂಗ್ಲಿಷ್ ಸ್ಪೆಲಿಂಗಿಗೆ ಒಂದು "ಟಿ" ಜಾಸ್ತಿ ಸೇರಿಸಿ, ಎರಡು "ಟಿ". ಇಲ್ಲೇ ಅರ್ಧ ಜನ ತಪ್ಪೋದು. ಇದು ಎಕ್ಲಿಪ್ಸ್ ಫೌಂಡೇಶನ್ನಿನ ಉಚಿತ ಸಾಫ್ಟ್‌ವೇರ್.

1. ಪಟ್ಟಿ ಹೊಸದು ಮಾಡಿ, ಇನ್‌ಸ್ಟಾಲ್ ಮಾಡಿ:

ಸುಡೋ ಆಪ್ಟ್ ಅಪ್‌ಡೇಟ್
ಸುಡೋ ಆಪ್ಟ್ ಇನ್‌ಸ್ಟಾಲ್ ಮಸ್ಕಿಟೋ ಮಸ್ಕಿಟೋ-ಕ್ಲೈಂಟ್ಸ್ ಸರ್ಟ್‌ಬಾಟ್

ಆಮೇಲೆ "ಸುಡೋ ಸಿಸ್ಟಮ್‌ಸಿಟಿಎಲ್ ಸ್ಟೇಟಸ್ ಮಸ್ಕಿಟೋ" ಕೊಟ್ಟರೆ ಹಸಿರಿನಲ್ಲಿ "ಆ್ಯಕ್ಟಿವ್ ರನ್ನಿಂಗ್" ಅಂತ ಬರಬೇಕು.

2. ಬೇಲಿ ಹಾಕಿ. ಸರ್ವರಿನ ಬೇಲಿಗೆ ಫೈರ್‌ವಾಲ್ ಅಂತಾರೆ.

ಸುಡೋ ಯುಎಫ್‌ಡಬ್ಲ್ಯು ಅಲೋ ಓಪನ್‌ಎಸ್‌ಎಸ್‌ಎಚ್
ಸುಡೋ ಯುಎಫ್‌ಡಬ್ಲ್ಯು ಅಲೋ 80/ಟಿಸಿಪಿ
ಸುಡೋ ಯುಎಫ್‌ಡಬ್ಲ್ಯು ಅಲೋ 8883/ಟಿಸಿಪಿ
ಸುಡೋ ಯುಎಫ್‌ಡಬ್ಲ್ಯು ಎನೇಬಲ್

ಮೊದಲ ಸಾಲು ಬಿಟ್ಟು ಕೊನೆಯ ಸಾಲು ಕೊಟ್ಟರೆ ಬೇಲಿಯ ಹೊರಗೆ ನೀವೇ ನಿಂತಿರ್ತೀರಿ, ವಾಪಸ್ ಲಾಗಿನ್ ಆಗಲ್ಲ. ಓಪನ್‌ಎಸ್‌ಎಸ್‌ಎಚ್ ಅನ್ನೋದರಲ್ಲಿ ಮೊದಲ "ಓ" ಮತ್ತು ಕೊನೆಯ "ಎಸ್‌ಎಸ್‌ಎಚ್" ದೊಡ್ಡಕ್ಷರ. ಲೈಟ್‌ಸೈಲ್ ಆದ್ರೆ ಅವರ ಸೈಟಿನ ನೆಟ್‌ವರ್ಕಿಂಗ್ ಪುಟದಲ್ಲೂ ಇದೇ ಪೋರ್ಟ್‌ಗಳನ್ನು ತೆರೆಯಬೇಕು.

3. ಪಾಸ್‌ವರ್ಡ್. ತೋಟದ ಪೆಟ್ಟಿಗೆಗೆ ಒಂದು, ಫೋನಿಗೆ ಒಂದು ಯೂಸರ್ ಮಾಡಿ.

ಸುಡೋ ಮಸ್ಕಿಟೋ_ಪಾಸ್‌ಡಬ್ಲ್ಯುಡಿ -ಸಿ /ಇಟಿಸಿ/ಮಸ್ಕಿಟೋ/ಪಾಸ್‌ಡಬ್ಲ್ಯುಡಿ ಪೆಟ್ಟಿಗೆ
ಸುಡೋ ಮಸ್ಕಿಟೋ_ಪಾಸ್‌ಡಬ್ಲ್ಯುಡಿ /ಇಟಿಸಿ/ಮಸ್ಕಿಟೋ/ಪಾಸ್‌ಡಬ್ಲ್ಯುಡಿ ಫೋನು
ಸುಡೋ ಚೌನ್ ಮಸ್ಕಿಟೋ /ಇಟಿಸಿ/ಮಸ್ಕಿಟೋ/ಪಾಸ್‌ಡಬ್ಲ್ಯುಡಿ

"-ಸಿ" ಅಂದ್ರೆ ಹೊಸ ಫೈಲ್ ಮಾಡು ಅಂತ. ಎರಡನೇ ಸಲವೂ "-ಸಿ" ಹಾಕಿದರೆ ಮೊದಲನೇ ಯೂಸರ್ ಅಳಿಸಿಹೋಗ್ತಾನೆ. ಮೂರನೇ ಸಾಲು ಆ ಫೈಲನ್ನು ಬ್ರೋಕರ್ ಓದೋಕೆ ಬಿಡೋದಕ್ಕೆ. ಇದು ಮರೆತರೆ ರೀಸ್ಟಾರ್ಟ್ ಆದಾಗ ಬ್ರೋಕರ್ ಏಳದೇ ಇರಬಹುದು.

4. ಸರ್ಟಿಫಿಕೇಟ್. ಇದಿಲ್ಲದಿದ್ದರೆ ನಿಮ್ಮ ಪಾಸ್‌ವರ್ಡ್ ಪೋಸ್ಟ್ ಕಾರ್ಡಿನ ಮೇಲೆ ಬರೆದ ಹಾಗೆ, ದಾರಿಯಲ್ಲಿ ಯಾರು ಬೇಕಾದ್ರೂ ಓದಬಹುದು. ಲೆಟ್ಸ್ ಎನ್‌ಕ್ರಿಪ್ಟ್ ಉಚಿತವಾಗಿ ಕೊಡತ್ತೆ.

ಸುಡೋ ಸರ್ಟ್‌ಬಾಟ್ ಸರ್ಟ್‌ಓನ್ಲಿ --ಸ್ಟ್ಯಾಂಡ್‌ಅಲೋನ್ -ಡಿ ನಿಮ್ಮ-ಡೊಮೇನ್

ಇದು ಕೊಡೋ ಎರಡು ಫೈಲ್, ಫುಲ್‌ಚೈನ್ ಮತ್ತು ಪ್ರಿವ್‌ಕೀ, ಎರಡನ್ನೂ /ಇಟಿಸಿ/ಮಸ್ಕಿಟೋ/ಸರ್ಟ್ಸ್ ಫೋಲ್ಡರಿಗೆ ಕಾಪಿ ಮಾಡಿ, ಮೇಲಿನ ಹಾಗೇ ಚೌನ್ ಕೊಡಿ. ಸರ್ಟಿಫಿಕೇಟಿಗೆ 90 ದಿನದ ಆಯುಸ್ಸು. ಸರ್ಟ್‌ಬಾಟ್ ತಾನೇ ನವೀಕರಣ ಮಾಡತ್ತೆ, ಆದರೆ ಹೊಸ ಫೈಲನ್ನು ಮಸ್ಕಿಟೋ ಫೋಲ್ಡರಿಗೆ ಕಾಪಿ ಮಾಡಿ ಬ್ರೋಕರನ್ನು ರೀಸ್ಟಾರ್ಟ್ ಮಾಡೋ ಪುಟ್ಟ ಸ್ಕ್ರಿಪ್ಟನ್ನು ನೀವು ಸರ್ಟ್‌ಬಾಟಿನ "ಡಿಪ್ಲಾಯ್" ಹುಕ್ ಫೋಲ್ಡರಿನಲ್ಲಿ ಇಡಬೇಕು. ಇಡದಿದ್ದರೆ ಮೂರು ತಿಂಗಳಿಗೆ ಸರಿಯಾಗಿ ಒಂದು ಬೆಳಗ್ಗೆ ಎಲ್ಲ ನಿಂತಿರತ್ತೆ, ಕಾರಣ ಗೊತ್ತಾಗದೆ ನೀವು ಸಿಮ್ ಕಂಪನಿಯನ್ನು ಬೈತಾ ಕೂತಿರ್ತೀರಿ.

5. ಬ್ರೋಕರಿಗೆ ನಿಯಮ ಹೇಳಿ. "ಸುಡೋ ನ್ಯಾನೋ /ಇಟಿಸಿ/ಮಸ್ಕಿಟೋ/ಕಾನ್ಫ್.ಡಿ/ತೋಟ.ಕಾನ್ಫ್" ಅಂತ ಹೊಸ ಫೈಲ್ ತೆರೆದು ಇಷ್ಟು ಬರೆಯಿರಿ:

ಅಲೋ_ಅನಾನಿಮಸ್ ಫಾಲ್ಸ್
ಪಾಸ್‌ವರ್ಡ್_ಫೈಲ್ /ಇಟಿಸಿ/ಮಸ್ಕಿಟೋ/ಪಾಸ್‌ಡಬ್ಲ್ಯುಡಿ
ಲಿಸನರ್ 1883 127.0.0.1
ಲಿಸನರ್ 8883
ಸರ್ಟ್‌ಫೈಲ್ (ಫುಲ್‌ಚೈನ್ ಇರೋ ಪೂರ್ತಿ ದಾರಿ)
ಕೀಫೈಲ್ (ಪ್ರಿವ್‌ಕೀ ಇರೋ ಪೂರ್ತಿ ದಾರಿ)

1883 ಅನ್ನೋದು ಬೀಗ ಇಲ್ಲದ ಬಾಗಿಲು, ಅದು ಸರ್ವರಿನ ಒಳಗೆ ಪರೀಕ್ಷೆ ಮಾಡೋಕೆ ಮಾತ್ರ. ಹೊರಗಿನವರಿಗೆ ಬೀಗ ಇರೋ 8883. ಹಳೇ ವಿಡಿಯೋ ನೋಡಿದವರಿಗೆ ಒಂದು ಮಾತು: 2020ರ ಕೊನೆಯಲ್ಲಿ ಬಂದ ಮಸ್ಕಿಟೋ 2.0ದಿಂದ, ಲಿಸನರ್ ಬರೆಯದಿದ್ದರೆ ಬ್ರೋಕರ್ ಹೊರಗಿನ ಯಾರ ಮಾತನ್ನೂ ಕೇಳಲ್ಲ. "ಇನ್‌ಸ್ಟಾಲ್ ಆಗಿದೆ, ಕನೆಕ್ಟ್ ಆಗ್ತಿಲ್ಲ" ಅನ್ನೋದಕ್ಕೆ ಸಾಮಾನ್ಯವಾಗಿ ಇದೇ ಕಾರಣ. ಅದಕ್ಕೆ ಪರಿಹಾರ ಅಂತ ಕೆಲವರು "ಅಲೋ_ಅನಾನಿಮಸ್ ಟ್ರೂ" ಬರೆಯೋಕೆ ಹೇಳ್ತಾರೆ. ಬರೆಯಬೇಡಿ. ಇಂಟರ್ನೆಟ್ಟಿನಲ್ಲಿ ತೆರೆದಿರೋ 1883 ಬಾಗಿಲು ಹುಡುಕ್ತಾ ಯಂತ್ರಗಳು ದಿನವಿಡೀ ಸುತ್ತುತ್ತಿರ್ತಾವೆ. ಪಂಪ್ ಮನೆಯ ಬೀಗದ ಕೈ ರಸ್ತೆಯಲ್ಲಿಟ್ಟ ಹಾಗಾಗತ್ತೆ.

ಬರೆದಾದ ಮೇಲೆ "ಸುಡೋ ಸಿಸ್ಟಮ್‌ಸಿಟಿಎಲ್ ರೀಸ್ಟಾರ್ಟ್ ಮಸ್ಕಿಟೋ".

6. ಪರೀಕ್ಷೆ. ಎರಡು ಕಿಟಕಿಯಲ್ಲಿ ಲಾಗಿನ್ ಆಗಿ. ಒಂದರಲ್ಲಿ:

ಮಸ್ಕಿಟೋ_ಸಬ್ -ಯು ಫೋನು -ಪಿ ಪಾಸ್‌ವರ್ಡ್ -ಟಿ ತೋಟ/ಪರೀಕ್ಷೆ

ಇನ್ನೊಂದರಲ್ಲಿ:

ಮಸ್ಕಿಟೋ_ಪಬ್ -ಯು ಪೆಟ್ಟಿಗೆ -ಪಿ ಪಾಸ್‌ವರ್ಡ್ -ಟಿ ತೋಟ/ಪರೀಕ್ಷೆ -ಎಮ್ ನಮಸ್ಕಾರ

ಇಲ್ಲಿ "-ಪಿ" ಮಾತ್ರ ದೊಡ್ಡಕ್ಷರ. ಮೊದಲ ಕಿಟಕಿಯಲ್ಲಿ "ನಮಸ್ಕಾರ" ಕಂಡರೆ ನಿಮ್ಮ ದಲ್ಲಾಳಿ ಅಂಗಡಿ ತೆರೆದ ಅಂತ ಅರ್ಥ. ಇನ್ನು ಫೋನಿಗೆ ಐಒಟಿ ಎಂಕ್ಯೂಟಿಟಿ ಪ್ಯಾನೆಲ್ ಆ್ಯಪ್ ಹಾಕಿ, ಡೊಮೇನ್, 8883, ಯೂಸರ್, ಪಾಸ್‌ವರ್ಡ್ ಕೊಟ್ಟು ಬಟನ್ ಮಾಡಿಕೊಳ್ಳಿ. ಬಟನ್ ಮೇಲೆ ಕನ್ನಡದಲ್ಲೇ ಬರೆಯಬಹುದು.

ಸರ್ವರ್ ಹಂಚಿಕೊಂಡಿದ್ದರೆ "ಎಸಿಎಲ್" ಅನ್ನೋ ಫೈಲನ್ನೂ ಮಾಡಿ. ಯಾವ ಯೂಸರ್ ಯಾವ ಟಾಪಿಕ್ ಓದಬಹುದು, ಯಾವುದಕ್ಕೆ ಬರೆಯಬಹುದು ಅಂತ ಅದರಲ್ಲಿರತ್ತೆ. ಪಕ್ಕದವರು ಮರೆತು ಒತ್ತಿದ ಬಟನ್ನಿಗೆ ನಿಮ್ಮ ಮೋಟರ್ ಓಡಬಾರದಲ್ವಾ.

₹22,000ದ ಪಾಠ

ಇಷ್ಟೂ ಮಾಡಿ ನಾನು ಬೀಗಿಕೊಂಡಿದ್ದೆ. ಎರಡು ವರ್ಷದ ಹಿಂದಿನ ಏಪ್ರಿಲ್. ರಾತ್ರಿ ಒಂಬತ್ತಕ್ಕೆ ಜೆ.ಪಿ. ನಗರದಲ್ಲಿ ಊಟ ಮಾಡ್ತಾ "ಮೋಟರ್ ಆನ್" ಒತ್ತಿದೆ. ತೋಟದಲ್ಲಿ ಕರೆಂಟಿಲ್ಲ, ಏನೂ ಆಗಲಿಲ್ಲ. ಸರಿ, ಬೆಳಗ್ಗೆ ನೋಡೋಣ ಅಂತ ಮಲಗಿದೆ.

ಆ್ಯಪಿನ ಬಟನ್ನಿನಲ್ಲಿ "ರೀಟೇನ್" ಅಂತ ಒಂದು ಗುರುತು ಇರತ್ತೆ. ಅದನ್ನು ಹಾಕಿಬಿಟ್ಟಿದ್ದೆ. ರೀಟೇನ್ ಅಂದ್ರೆ ಬ್ರೋಕರ್ ಆ ಟಾಪಿಕ್ಕಿನ ಕೊನೆಯ ಮೆಸೇಜನ್ನು ಬೋರ್ಡಿಗೆ ಅಂಟಿಸಿಟ್ಟುಕೊಂಡು, ಆಮೇಲೆ ಯಾರು ಬಂದು ಹೆಸರು ಬರೆಸಿದರೂ ತಕ್ಷಣ ಅದನ್ನೇ ಕೊಡ್ತಾನೆ. ತೇವಾಂಶದ ಲೆಕ್ಕಕ್ಕೆ ಇದು ಒಳ್ಳೇದು, ಆ್ಯಪ್ ತೆರೆದ ಕೂಡಲೇ ಕೊನೆಯ ಲೆಕ್ಕ ಕಾಣತ್ತೆ. ಆಜ್ಞೆಗೆ? ರಾತ್ರಿ ಎರಡೂವರೆಗೆ ಕರೆಂಟ್ ಬಂತು. ಪೆಟ್ಟಿಗೆ ಎದ್ದಿತು, ಬ್ರೋಕರಿಗೆ ಕನೆಕ್ಟ್ ಆಯ್ತು, ಬೋರ್ಡಿನಲ್ಲಿ "ಆನ್" ಅಂಟಿಸಿತ್ತು. ಮೋಟರ್ ಓಡಿತು. ಬೇಸಿಗೆಯಲ್ಲಿ ನಮ್ಮ ಬೋರ್‌ವೆಲ್ ಒಂದು ಗಂಟೆಗೆ ನಿಲ್ಲತ್ತೆ. ಆಮೇಲೆ ನೀರಿಲ್ಲದೆ ಓಡಿ ವೈಂಡಿಂಗ್ ಸುಟ್ಟುಹೋಯ್ತು. ಬ್ರೋಕರ್ ತನ್ನ ಕೆಲಸ ಸರಿಯಾಗೇ ಮಾಡಿದ್ದ. ತಪ್ಪು ನನ್ನದು.

ಮೋಟರ್ ಮೇಲೆತ್ತಿಸಿ, ವೈಂಡಿಂಗ್ ಮಾಡಿಸಿ, ಮತ್ತೆ ಇಳಿಸೋಕೆ ₹22,000 ಮತ್ತು ಏಳು ದಿನ. ಅಷ್ಟರಲ್ಲಿ ಬೀನ್ಸಿನ ಹೂವೆಲ್ಲ ಉದುರಿತು. ಅಪ್ಪ ಬೈಯಲಿಲ್ಲ. "ನಾನು ರಾತ್ರಿ ಹೋಗ್ತಿದ್ದೆ ಅಂದ್ರೆ ಬರೀ ಹಾಕೋಕಲ್ಲ ಕಣಪ್ಪ. ಪೈಪಲ್ಲಿ ಗಾಳಿ ಸದ್ದು ಬಂದ ಕೂಡಲೇ ನಿಲ್ಲಿಸ್ತಿದ್ದೆ" ಅಂದ್ರು ಅಷ್ಟೇ. ಆ ಮಾತು ಕೇಳಿದ ಮೇಲೆ ಗೊತ್ತಾಯ್ತು. ನಾನು ಅಪ್ಪನ ಕೈಯ ಕೆಲಸವನ್ನು ಮಾತ್ರ ಯಂತ್ರಕ್ಕೆ ಕೊಟ್ಟಿದ್ದೆ, ಕಿವಿಯ ಕೆಲಸವನ್ನು ಯಾರಿಗೂ ಕೊಟ್ಟಿರಲಿಲ್ಲ.

ಈಗ ನಾನು ಪಾಲಿಸೋ ನಿಯಮಗಳು

- ಆಜ್ಞೆಗೆ ರೀಟೇನ್ ಬೇಡವೇ ಬೇಡ. ಈಗಾಗಲೇ ಅಂಟಿಕೊಂಡಿದ್ದರೆ "ಮಸ್ಕಿಟೋ_ಪಬ್ -ಆರ್ -ಎನ್ -ಟಿ" ಜೊತೆಗೆ ಟಾಪಿಕ್ ಹೆಸರು, ಯೂಸರ್, ಪಾಸ್‌ವರ್ಡ್ ಕೊಟ್ಟು ಖಾಲಿ ಮೆಸೇಜ್ ಕಳಿಸಿ, ಅಳಿಸಿಹೋಗತ್ತೆ.

- ಪೆಟ್ಟಿಗೆಯ ಪ್ರೋಗ್ರಾಮಿನಲ್ಲಿ "ಕ್ಲೀನ್ ಸೆಷನ್" ಟ್ರೂ ಇರಲಿ. ಇಲ್ಲ ಅಂದ್ರೆ ಪೆಟ್ಟಿಗೆ ಇಲ್ಲದಾಗ ಬಂದ ಖಾತ್ರಿ ಮೆಸೇಜ್‌ಗಳನ್ನು ಬ್ರೋಕರ್ ಕೂಡಿಟ್ಟು ಆಮೇಲೆ ಕೊಡಬಹುದು. ಅದೇ ಕಥೆ ಮತ್ತೆ.

- "ಆನ್" ಅಂತ ಹೇಳಬೇಡಿ, "20 ನಿಮಿಷ ಓಡು" ಅಂತ ಹೇಳಿ. ನಿಲ್ಲಿಸೋ ಗಡಿಯಾರ ಪೆಟ್ಟಿಗೆಯಲ್ಲೇ ಇರಲಿ. "ಆನ್" ಆದ ಮೇಲೆ ನೆಟ್‌ವರ್ಕ್ ಹೋದರೆ "ಆಫ್" ತಲುಪಲ್ಲ. ನಿಮಿಷ ಹೇಳಿದ್ದರೆ ಸರ್ವರ್ ಸತ್ತರೂ ಮೋಟರ್ ಹೊತ್ತಿಗೆ ಸರಿಯಾಗಿ ನಿಲ್ಲತ್ತೆ.

- ಆಜ್ಞೆಯ ಜೊತೆ ಹೊತ್ತನ್ನೂ ಕಳಿಸಿ. ಎರಡು ನಿಮಿಷಕ್ಕಿಂತ ಹಳೇ ಆಜ್ಞೆಯನ್ನು ಪೆಟ್ಟಿಗೆ ಬಿಸಾಕಬೇಕು.

- ಪ್ಯಾನೆಲ್ ಬೋರ್ಡಿನಲ್ಲೇ ಡ್ರೈ ರನ್ ಪ್ರಿವೆಂಟರ್ ಹಾಕಿಸಿ. ಅದು ಅಪ್ಪನ ಕಿವಿ. ಇಂಟರ್ನೆಟ್ಟಿಗೂ ಅದಕ್ಕೂ ಸಂಬಂಧ ಇರಬಾರದು.

- "ಲಾಸ್ಟ್ ವಿಲ್" ಬಳಸಿ. ಪೆಟ್ಟಿಗೆ ಕನೆಕ್ಟ್ ಆಗುವಾಗಲೇ "ನಾನು ಹೇಳದೆ ಕಡಿದುಹೋದರೆ ಹೀಗೆ ಹೇಳು" ಅಂತ ಒಂದು ಮೆಸೇಜ್ ಬ್ರೋಕರಿನ ಹತ್ತಿರ ಬಿಟ್ಟಿರತ್ತೆ. ಪೆಟ್ಟಿಗೆ ಮಾಯವಾದರೆ ನಿಮ್ಮ ಫೋನಿನಲ್ಲಿ "ತೋಟ ಸಂಪರ್ಕದಲ್ಲಿಲ್ಲ" ಅಂತ ಬರತ್ತೆ. ಹಳೇ ಲೆಕ್ಕ ನೋಡಿ ಎಲ್ಲ ಸರಿ ಇದೆ ಅಂತ ಮೋಸಹೋಗಲ್ಲ.

- ಮೆಸೇಜಿನ ಖಾತ್ರಿ ಮಟ್ಟ ಅಂದ್ರೆ ಕ್ಯೂಒಎಸ್. 0 ಅಂದ್ರೆ ಕಳಿಸಿ ಮರೆತುಬಿಡೋದು, 1 ಅಂದ್ರೆ ತಲುಪಿತು ಅಂತ ರಸೀದಿ ಬರೋವರೆಗೂ ಬಿಡದಿರೋದು, 2 ಅಂದ್ರೆ ಸರಿಯಾಗಿ ಒಂದೇ ಸಲ ತಲುಪಿಸೋದು. ತೇವಾಂಶಕ್ಕೆ 0 ಸಾಕು. ಆಜ್ಞೆಗೆ 1 ಇಡಿ, ಒಂದೇ ಆಜ್ಞೆ ಎರಡು ಸಲ ಬಂದರೂ ತೊಂದರೆ ಆಗದ ಹಾಗೆ ಪ್ರೋಗ್ರಾಮ್ ಇರಲಿ.

- ಮೂರು ಫೇಸ್ ವೈರಿಂಗನ್ನು ಲೈಸೆನ್ಸ್ ಇರೋ ಎಲೆಕ್ಟ್ರಿಷಿಯನ್ನಿಂದಲೇ ಮಾಡಿಸಿ. ಎಸ್.ಪಿ. ರಸ್ತೆಯ ಪುಟ್ಟ ರಿಲೇ ಸ್ಟಾರ್ಟರಿನ ಬಟನ್ ಸರ್ಕ್ಯೂಟಿಗೆ ಮಾತ್ರ, ಅದೂ ಆ ವೋಲ್ಟೇಜಿಗೆ ತಕ್ಕ ಕಾಂಟ್ಯಾಕ್ಟರ್ ಮೂಲಕ. ಮೋಟರಿನ ಮುಖ್ಯ ಲೈನ್ ಅದರ ಮೇಲೆ ಹೋಗಲೇಬಾರದು. ಪಂಪ್ ಮನೆಯಲ್ಲಿ ಕೈಯಿಂದ ನಿಲ್ಲಿಸೋ ಸ್ವಿಚ್ ಎಲ್ಲಕ್ಕಿಂತ ಮೇಲಿರಲಿ.

ಎಲ್ಲಿಂದ ಶುರು ಮಾಡಬೇಕು?

ಮೊದಲ ಒಂದು ತಿಂಗಳು ಮೋಟರಿನ ತಂಟೆಗೇ ಹೋಗಬೇಡಿ. ಬ್ರೋಕರ್ ಹಾಕಿ, ಒಂದೇ ಒಂದು ತೇವಾಂಶ ಸೆನ್ಸರ್ ಜೋಡಿಸಿ, ಲೆಕ್ಕ ಬರ್ತಿದೆಯಾ ನೋಡ್ತಾ ಇರಿ. ದಿನಕ್ಕೆ ಎಷ್ಟು ಸಲ ನೆಟ್‌ವರ್ಕ್ ಹೋಗತ್ತೆ, ಎಷ್ಟು ಹೊತ್ತಿಗೆ ವಾಪಸ್ ಬರತ್ತೆ ಅಂತ ಪುಸ್ತಕದಲ್ಲಿ ಬರೆದಿಡಿ. ಆಮೇಲೆ ಮೋಟರಿನ ಬದಲು ಒಂದು ಬಲ್ಬ್ ಹಾಕಿ ಎರಡು ವಾರ ಆಟವಾಡಿ. ಕರೆಂಟ್ ತೆಗೆದು ನೋಡಿ, ರೂಟರ್ ಆಫ್ ಮಾಡಿ ನೋಡಿ, ಸರ್ವರ್ ರೀಸ್ಟಾರ್ಟ್ ಮಾಡಿ ನೋಡಿ. ಪ್ರತಿ ಸಲವೂ ಬಲ್ಬ್ ಆರಿದ್ದರೆ ಆಗ ಮೋಟರಿಗೆ ಬನ್ನಿ. ಬಲ್ಬ್ ಸುಟ್ಟರೆ ಇಪ್ಪತ್ತು ರೂಪಾಯಿ, ಮೋಟರ್ ಸುಟ್ಟರೆ ಎಷ್ಟು ಅಂತ ಮೇಲೆ ಹೇಳಿದ್ದೀನಿ.

ನಮ್ಮ ತೋಟದಲ್ಲಿ ಈಗ ಪೆಟ್ಟಿಗೆಗೆ ಚಿಕ್ಕ ಬ್ಯಾಟರಿ ಇದೆ. ಮೂರು ಫೇಸ್ ಬಂದ ಕೂಡಲೇ ಅಪ್ಪನ ಫೋನಿಗೆ ಸದ್ದಾಗತ್ತೆ. ಅವರ ಪರದೆಯ ಮೇಲೆ ಇರೋದು ಎರಡೇ ಬಟನ್: "ನೀರು ಬಿಡು, 20 ನಿಮಿಷ", "ನಿಲ್ಲಿಸು". ರಾತ್ರಿ ಎರಡೂವರೆಗೆ ಅಪ್ಪ ಈಗಲೂ ಏಳ್ತಾರೆ. ಹಾಸಿಗೆಯಲ್ಲೇ ಕೂತು ಒತ್ತಿ, ನೀರು ಬಿದ್ದ ಸದ್ದು ಕೇಳೋವರೆಗೂ ಕಿಟಕಿ ತೆರೆದಿಟ್ಟುಕೊಂಡು ಆಮೇಲೆ ಮಲಗ್ತಾರೆ. ಬದುವಿನ ಮೇಲೆ ಹೋಗಲ್ಲ. ನನಗೆ ಅಷ್ಟು ಸಾಕು.

ಮುಂದಿನ ವಾರ ಇಎಸ್‌ಪಿ32 ಪೆಟ್ಟಿಗೆಯ ಪ್ರೋಗ್ರಾಮ್ ನೋಡೋಣ: ನಿಮಿಷ ಎಣಿಸೋದು, ಹಳೇ ಆಜ್ಞೆ ಬಿಸಾಕೋದು. ಅಷ್ಟರಲ್ಲಿ ಸರ್ವರ್ ತಗೊಂಡು "ನಮಸ್ಕಾರ" ಬರೋವರೆಗೆ ಮಾಡಿಟ್ಟಿರಿ. ಎಲ್ಲಿ ನಿಂತುಹೋಯ್ತು ಅಂತ ಸ್ಕ್ರೀನ್‌ಶಾಟ್ ಸಮೇತ ಕೇಳಿ, ಆದರೆ ಪಾಸ್‌ವರ್ಡ್ ಕಾಣೋ ಹಾಗೆ ಮಾತ್ರ ಕಳಿಸಬೇಡಿ.